ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ರಾಯಭಾರವೆಂದರೆ ರಾಜಸಭೆಯಲ್ಲಿ ನಿಂತು ಮಾತನಾಡಬಲ್ಲ ಪುರುಷರ ಕಾರ್ಯವೆಂದು ಪೂರ್ವಕಾಲದವರು ಭಾವಿಸಿದ್ದರು. ಆದರೆ ಕಾವಲಿನವರ ಕಣ್ಣಿನೆದುರಿನ ಅಂತಃಪುರದಲ್ಲಿದ್ದುಕೊಂಡೇ ದೂರದ ಮದರಾಸಿನ ಕುಂಪಣಿ ಸರಕಾರದೊಡನೆ ಸಂಧಾನ ನಡೆಸಿದ ಒಬ್ಬ ಕನ್ನಡ ರಾಣಿಯಿದ್ದರು. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ಲಕ್ಷ್ಮಮ್ಮಣ್ಣಿಯವರೇ ಅವರು.

1761ರ ವೇಳೆಗೆ ಮೈಸೂರಿನ ಸರ್ವಾಧಿಕಾರವು ಹೈದರಾಲಿಯ ಕೈಸೇರಿತ್ತು. ದೊರೆಯೆಂಬ ಹೆಸರು ಮಾತ್ರ ಒಡೆಯರಿಗೆ ಉಳಿಯಿತು. 1766ರಲ್ಲಿ ಪತಿಯು ತೀರಿಕೊಂಡ ಬಳಿಕ ಪಟ್ಟವೇರಿದ ನಂಜರಾಜ ಒಡೆಯರು 1770ರಲ್ಲಿ ಕೊಲೆಯಾದರು. ಅವರ ಅನಂತರ ಬಂದವರೂ 1776ರಲ್ಲಿ ಗತಿಸಿದರು. ಆಗ ಹೈದರನು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಶಾಲೆಯಲ್ಲಿ ಕೂಡಿಸಿ, ಆಟಿಕೆಗಳನ್ನೂ ಹಣ್ಣುಗಳನ್ನೂ ಹರಡಿಸಿದನಂತೆ. ಒಬ್ಬ ಬಾಲಕನು ಕಠಾರಿಯನ್ನು ಕೈಗೆತ್ತಿಕೊಳ್ಳಲು, ಅವನೇ ದೊರೆಯೆಂದು ಸಾರಿದನಂತೆ. ಕಥೆ ಹೇಗಾದರೂ ಇರಲಿ, ಆ ಬಾಲಕ ಚಾಮರಾಜನು ಲಕ್ಷ್ಮಮ್ಮಣ್ಣಿಯವರ ದತ್ತುಪುತ್ರನೆನಿಸಿದನು.

ಆ ಕಾಲದಲ್ಲಿ ಆಂಗ್ಲರ ಬಲವು ಎಲ್ಲೆಡೆ ಬೆಳೆಯುತ್ತಿತ್ತು. ನಮ್ಮ ಠಾಣೆಯ ಕೋಟೆಯನ್ನು ಅವರು ಮರಾಠರಿಂದ ಗೆದ್ದುಕೊಂಡದ್ದು 1774ರ ಡಿಸೆಂಬರಿನಲ್ಲಿ. ಹೈದರನನ್ನು ಇದಿರಿಸಬಲ್ಲವರು ಇವರೇ ಎಂದು ರಾಣಿಯವರು ನಿಶ್ಚಯಿಸಿದರು. ತಿರುಮಲರಾಯ, ನಾರಾಯಣರಾಯ ಎಂಬ ಸಹೋದರರು ಅವರ ರಾಯಭಾರಿಗಳಾದರು. ಕಾರ್ಯವು ಕೈಗೂಡಿದರೆ ಪ್ರಧಾನಪದವಿಯು ತಿರುಮಲರಾಯನ ವಂಶಕ್ಕೇ ಸಲ್ಲತಕ್ಕದ್ದೆಂದು ರಾಣಿಯವರು ಮಾತು ಕೊಟ್ಟಿದ್ದರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಕುಂಪಣಿಯ ಪರವಾಗಿ ಸಲಿವನ್ ಎಂಬ ಅಧಿಕಾರಿಯು ರಾಣಿಯ ಪ್ರತಿನಿಧಿಯೊಡನೆ ಒಪ್ಪಂದ ಮಾಡಿಕೊಂಡನು. ರಾಜ್ಯವನ್ನು ಒಡೆಯರಿಗೆ ಮರಳಿಸುವುದು ಕುಂಪಣಿಯ ಹೊಣೆ. ಯುದ್ಧವು ಮುಂದುವರಿದಂತೆ ಕಂತುಕಂತಾಗಿ ಹಣ ಸಲ್ಲಿಸುವುದು ರಾಣಿಯ ಹೊಣೆ.

ಅದೇ ಡಿಸೆಂಬರಿನಲ್ಲಿ ಹೈದರನು ಮರಣಹೊಂದಿದನು. ಮರುವರ್ಷ ಶ್ರೀರಂಗಪಟ್ಟಣದೊಳಗೆ ಟೀಪೂ ಸುಲ್ತಾನನ ವಿರುದ್ಧ ಹೂಡಿದ ಸಂಚು ಬಯಲಾಯಿತು. ಅದರಲ್ಲಿ ಸೇರಿದವರು ಘೋರ ಶಿಕ್ಷೆಗೆ ಗುರಿಯಾದರು. ರಾಯಭಾರಿಗಳ ಬಂಧುಗಳೂ ಪಾರಾಗಲಿಲ್ಲ. 1784ರಲ್ಲಿ ಆಂಗ್ಲರು ಮಂಗಳೂರಿನಲ್ಲಿ ಟೀಪುವಿನೊಡನೆ ಸಂಧಿ ಮಾಡಿಕೊಂಡರು. ರಾಣಿಯ ಒಪ್ಪಂದವು ಬರಿಯ ಕಾಗದವಾಯಿತು. ಪರರ ಸಹಾಯವನ್ನು ನಂಬಿದವರಿಗೆ ಇಂತಹ ಗತಿ ಹೊಸದೇನೂ ಅಲ್ಲ. ಆದರೂ ಅವರು ಎದೆಗುಂದದೆ ಆಂಗ್ಲರೊಡನೆ ಸಂಬಂಧವನ್ನು ಕಾಯ್ದುಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ರಾಣಿಯವರು ಕರೆಯುತ್ತಿದ್ದ ಸೈನ್ಯವು ಮುತ್ತಿಗೆ ಹಾಕಬೇಕಾಗಿದ್ದುದು ಶ್ರೀರಂಗಪಟ್ಟಣಕ್ಕೆ. ಅವರ ಮನೆಮಂದಿಯೆಲ್ಲ ಇದ್ದುದೂ ಅದೇ ಕೋಟೆಯೊಳಗೆ. ಮಿತ್ರರ ಗುಂಡು ಹೊರಗಿನಿಂದ, ಸುಲ್ತಾನನ ಸಂಶಯ ಒಳಗಿನಿಂದ. 1791ರಲ್ಲಿ ಕಾರ್ನ್‌ವಾಲಿಸನು ಕೋಟೆಯ ಸಮೀಪಕ್ಕೆ ಬಂದು, ಮಳೆಗೂ ಆಹಾರದ ಅಭಾವಕ್ಕೂ ಸೋತು ಹಿಂದಿರುಗಿದನು. 1792ರಲ್ಲಿ ಪುನಃ ಬಂದು ಅರ್ಧರಾಜ್ಯವನ್ನು ಕಿತ್ತುಕೊಂಡನು. ಒಡೆಯರಿಗೆ ಏನೂ ದೊರೆಯಲಿಲ್ಲ. ಟೀಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಆಂಗ್ಲರ ಪಾಳೆಯಕ್ಕೆ ಹೋದರು. ಯುದ್ಧದಲ್ಲಿ ತಾಯಂದಿರ ಕಣ್ಣೀರಿಗೆ ಪಕ್ಷಭೇದವಿಲ್ಲ.

1796ರಲ್ಲಿ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡರು. ಟೀಪು ಬೇರೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ಅರಮನೆಯ ವಸ್ತುಗಳು ಸೂರೆಯಾದವು. ರಾಜಕುಟುಂಬವು ಒಂದು ಬಡ ಮನೆಗೆ ಸಾಗಿತು. ಚಾಮರಾಜರ ಮಗುವಿಗೆ ಆಗ ಇನ್ನೂ ಎರಡರ ಪ್ರಾಯ. ಆ ಮಗುವನ್ನು ಉಳಿಸಿಕೊಳ್ಳುವುದೇ ಅಜ್ಜಿಗೆ ರಾಜ್ಯವನ್ನು ಉಳಿಸಿಕೊಂಡಂತಾಯಿತು.

1799ರಲ್ಲಿ ಮದರಾಸಿನ ಕಡೆಯಿಂದ ಹ್ಯಾರಿಸನೂ, ಕಣ್ಣಾನೂರಿನಿಂದ ಕೊಡಗಿನ ಮಾರ್ಗವಾಗಿ ಮುಂಬಯಿಯ ಸೈನ್ಯದೊಡನೆ ಸ್ಟುವರ್ಟನೂ ನಡೆದುಬಂದರು. ಕೋಟೆಯ ಗೋಡೆಯು ಬಿರಿಯಿತು. ಮೇ 4ರ ಮಧ್ಯಾಹ್ನ ಆಂಗ್ಲರು ಒಳನುಗ್ಗಿದರು. ಟೀಪು ಕಾದಾಡುತ್ತಲೇ ಮಡಿದನು. ಆ ರಾತ್ರಿ ಪಟ್ಟಣವೆಲ್ಲ ಲೂಟಿಗೆ ಸಿಕ್ಕಿತು. ರಾಣಿಯೂ ಮೊಮ್ಮಗನೂ ಜೀವಸಹಿತ ಉಳಿದರು.

ಜೂನ್ 30ರಂದು ಮೈಸೂರಿನಲ್ಲಿ, ಅರಮನೆಯಿಲ್ಲದುದರಿಂದ ಚಪ್ಪರದ ಕೆಳಗೆ, ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟಾಭಿಷೇಕವಾಯಿತು. ಜುಲೈ 8ರ ಕೌಲಿಗೆ ಬಾಲದೊರೆಯ ಪರವಾಗಿ ಲಕ್ಷ್ಮಮ್ಮಣ್ಣಿಯವರೂ ದೇವಾಜಮ್ಮಣ್ಣಿಯವರೂ ಒಪ್ಪಿಗೆಯಿತ್ತರು. ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ಕುಂಪಣಿಯ ಸೈನ್ಯವನ್ನು ಸಾಕಬೇಕು, ಶ್ರೀರಂಗಪಟ್ಟಣ ಆಂಗ್ಲರದೇ. ದಿವಾನಗಿರಿಯನ್ನು ಅವರು ಟೀಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನಿಗೆ ಒಪ್ಪಿಸಿದರು. ಇದಕ್ಕಾಗಿ ಜೀವಮಾನವನ್ನೇ ಸವೆಸಿದ ತಿರುಮಲರಾಯನಿಗೆ ಪ್ರಧಾನಪದವಿ ದೊರೆಯಲಿಲ್ಲ. ಕೊಟ್ಟ ಮಾತನ್ನು ನಡೆಸುವ ಸ್ವಾತಂತ್ರ್ಯವೂ ರಾಣಿಗೆ ಉಳಿದಿರಲಿಲ್ಲ. ಒಬ್ಬ ಒಡೆಯನನ್ನು ಕಳೆಯಲು ಮತ್ತೊಬ್ಬನನ್ನು ಕರೆತಂದರೆಂದು ಅವರನ್ನು ದೂರುವವರುಂಟು. ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೆ ಸೆರೆಯಲ್ಲಿದ್ದ ವಿಧವೆಗೆ ಬೇರೆ ಯಾವ ದಾರಿ ತೆರೆದಿತ್ತೆಂಬುದನ್ನೂ ದೂರುವವರು ಹೇಳಬೇಕಾಗುತ್ತದೆ.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಸ್ವರ್ಗಸ್ಥರಾದರು. ಮರುವರ್ಷ ಮೊಮ್ಮಗನು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡನು. 1831ರಲ್ಲಿ ಆಂಗ್ಲರು ಅದನ್ನು ಅವನಿಂದ ಹಿಂದಕ್ಕೆ ತೆಗೆದುಕೊಂಡರು.