ಬೆನ್ನುಮೂಳೆಯನ್ನು ನಂಬಿದ ಡೇನಿಯಲ್ ಪಾಮರ್

ಅಮೆರಿಕದ ಐಯೊವಾ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಂಡೆಯ ಮೇಲಿರುವ ಊರು ಡೇವನ್‌ಪೋರ್ಟ್. ಅಲ್ಲಿನ ರಯಾನ್ ಕಟ್ಟಡವನ್ನು ಶುಚಿಗೊಳಿಸುತ್ತಿದ್ದ ಹಾರ್ವೆ ಲಿಲ್ಲಾರ್ಡ್‌ಗೆ 17 ವರ್ಷಗಳಿಂದ ಕಿವಿ ಮಂದವಾಗಿತ್ತು. ಅದೇ ಕಟ್ಟಡದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್ ಅವನ ಬೆನ್ನನ್ನು ಪರೀಕ್ಷಿಸಿ, ಒಂದು ಕಶೇರುಕ ಸ್ಥಾನ ಬದಲಿಸಿದೆ ಎಂದು ತೀರ್ಮಾನಿಸಿದ. ಅದನ್ನು ಕೈಯಿಂದ ಒತ್ತಿ ಸರಿಪಡಿಸಿದ. ಲಿಲ್ಲಾರ್ಡ್‌ಗೆ ಕಿವಿ ಕೇಳಿಸತೊಡಗಿತು ಎಂದು ಇಬ್ಬರೂ ಸಾರಿದರು. ಪಾಮರ್ ಹೇಳಿದ ದಿನಾಂಕ 1895ರ ಸೆಪ್ಟೆಂಬರ್ 18. ಇಂದು ಅಮೆರಿಕದಲ್ಲಿ ಲಕ್ಷಾಂತರ ಜನ ಮೊರೆಹೋಗುವ ಕೈರೊಪ್ರ್ಯಾಕ್ಟಿಕ್ ಚಿಕಿತ್ಸೆಯ ಜನ್ಮದಿನವೆಂದು ಇದನ್ನೇ ಆಚರಿಸುತ್ತಾರೆ.

ಪಂಡಿತ-ಪಾಮರ ಎಂಬ ಜೋಡುನುಡಿ ಬಲ್ಲ ಕನ್ನಡಿಗರಿಗೆ ಈ ಹೆಸರು ತಮಾಷೆಯಾಗಿ ಕೇಳಿಸೀತು. ವೈದ್ಯಶಾಸ್ತ್ರದ ಮಟ್ಟಿಗೆ ಆತ ನಿಜಕ್ಕೂ ಪಾಮರನೇ. ಯಾವ ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ.

1845ರ ಮಾರ್ಚ್ 7ರಂದು ಕೆನಡಾದ ಟೊರಾಂಟೊ ಸಮೀಪ ಜನಿಸಿದ ಪಾಮರ್, 1865ರಲ್ಲಿ ಸಹೋದರನೊಡನೆ ಅಮೆರಿಕಕ್ಕೆ ವಲಸೆ ಬಂದ. ಶಾಲಾ ಮಾಸ್ತರಿಕೆ ಮಾಡಿದ, ಜೇನು ಸಾಕಿದ, ಹಣ್ಣಿನ ಸಸಿಗಳನ್ನು ಬೆಳೆಸಿ ಮಾರಿದ, ದಿನಸಿ ಅಂಗಡಿಯನ್ನೂ ಇಟ್ಟ. ನಲವತ್ತು ದಾಟಿದ ಮೇಲೆ, 1880ರ ದಶಕದಲ್ಲಿ, ಅಂದು ಜನಪ್ರಿಯವಾಗಿದ್ದ ಕಾಂತ ಚಿಕಿತ್ಸೆಗೆ ಇಳಿದ. ಕೈಯ ಮೂಲಕ ತನ್ನ ದೇಹದ ಚೈತನ್ಯವನ್ನು ರೋಗಿಗೆ ಹರಿಸುತ್ತೇನೆನ್ನುವ ವೃತ್ತಿ ಅದು. ಇಂದಿನ ಕಣ್ಣಿಗೆ ಇದು ನಗೆಪಾಟಲು. ಆದರೆ ಅಂದಿನ ವೈದ್ಯರ ಪೆಟ್ಟಿಗೆಯಲ್ಲಿ ಪಾದರಸದ ಭೇದಿಮದ್ದು, ಅಫೀಮು ಬೆರೆತ ಔಷಧಗಳಿದ್ದವು. ಏನೂ ಕುಡಿಸದೆ ಬರಿಗೈಯಲ್ಲಿ ಉಪಚರಿಸುವವನು ಕನಿಷ್ಠ ವಿಷವನ್ನಂತೂ ಕೊಡುತ್ತಿರಲಿಲ್ಲ. ಜನ ಪಾಮರ್‌ನ ಬಾಗಿಲಿಗೆ ಬಂದದ್ದು ಕೇವಲ ಮೌಢ್ಯದಿಂದಲ್ಲ ಎಂಬುದನ್ನು ಮರೆಯಬಾರದು.

ಲಿಲ್ಲಾರ್ಡ್ ಪ್ರಕರಣದ ಬಗ್ಗೆ ಸಂದೇಹಗಳು ಹಲವು. ಚಿಕಿತ್ಸೆ ನಡೆದದ್ದು 1896ರ ಆರಂಭದಲ್ಲಿ ಎಂಬ ಅರ್ಥ ಬರುವಂತೆ ಲಿಲ್ಲಾರ್ಡ್‌ನ ಹೇಳಿಕೆಯೇ ಇದೆ. ಹರಟೆಯ ನಡುವೆ ನಗುತ್ತಾ ಪಾಮರ್ ಬೆನ್ನಿಗೆ ಬಾರಿಸಿದ್ದೇ ಇದರ ಮೂಲವೆಂದು ಲಿಲ್ಲಾರ್ಡ್‌ನ ಮಗಳು ಎಷ್ಟೋ ವರ್ಷಗಳ ಬಳಿಕ ಹೇಳಿದಳು. ಇದಕ್ಕಿಂತ ಮುಖ್ಯವಾದ ಸಂಗತಿ ಅಂಗರಚನೆಯದು. ಶ್ರವಣ ನರ ಕಿವಿಯಿಂದ ಮಿದುಳಿಗೆ ತಲೆಬುರುಡೆಯೊಳಗೇ ಸಾಗುತ್ತದೆ. ಬೆನ್ನಿನ ಕಶೇರುಕಗಳ ನಡುವೆ ಹಾಯುವುದೇ ಇಲ್ಲ.

ಪಾಮರ್‌ಗೆ ಈ ತೊಡಕು ಕಾಣಲಿಲ್ಲ. ಅನತಿಕಾಲದಲ್ಲೇ ಹೃದ್ರೋಗಿಯೊಬ್ಬನಿಗೂ ಇದೇ ಬಗೆಯಲ್ಲಿ ಗುಣವಾಯಿತೆಂದ. ಕಿವಿ ಒಂದು, ಹೃದಯ ಇನ್ನೊಂದು; ಎರಡಕ್ಕೂ ಬೆನ್ನುಮೂಳೆಯೇ ಕಾರಣವಾದರೆ ಉಳಿದ ರೋಗಗಳಿಗೂ ಅದೇ ಏಕಾಗಬಾರದು ಎಂಬುದು ಆತನ ತರ್ಕ. ಶೇ 95ರಷ್ಟು ರೋಗಗಳಿಗೆ ಸ್ಥಾನ ತಪ್ಪಿದ ಕಶೇರುಕಗಳೇ ಮೂಲವೆಂದು 1910ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಬರೆದ. ಎರಡು ರೋಗಿಗಳಿಂದ ಸಕಲ ಮಾನವಕುಲಕ್ಕೆ ಹಾರಿದ ಈ ಜಿಗಿತವೇ ಆತನ ಬಾಳಿನ ದೊಡ್ಡ ಎಡವಟ್ಟು ಎನ್ನಬೇಕು. ಗ್ರೀಕ್ ಪದಗಳನ್ನು ಕೂಡಿಸಿ, ಕೈಯಿಂದ ಮಾಡಿದ್ದು ಎಂಬರ್ಥದ ಹೆಸರನ್ನು ಚಿಕಿತ್ಸೆಗೆ ಸೂಚಿಸಿದವರು ಆತನ ರೋಗಿಯೂ ಮಿತ್ರರೂ ಆಗಿದ್ದ ಪಾದ್ರಿ ಸ್ಯಾಮುಯೆಲ್ ವೀಡ್.

1897ರಲ್ಲಿ ಶಾಲೆ ತೆರೆಯಿತು. ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪದ ಮೇಲೆ 1906ರಲ್ಲಿ ನ್ಯಾಯಾಲಯ ಪಾಮರ್‌ಗೆ ದಂಡ ವಿಧಿಸಿತು. ದಂಡ ತೆರಲು ಒಪ್ಪದೆ ಜೈಲು ಸೇರಿದ ಆತ 23 ದಿನಗಳ ನಂತರ ಹಣ ಕಟ್ಟಿ ಹೊರಬಂದ. ಅದೇ ವರ್ಷ ಶಾಲೆ ಮಗ ಬಿ.ಜೆ. ಪಾಮರ್ ಕೈಸೇರಿತು. ತಂದೆ-ಮಗನ ನಡುವೆ ಮೊದಲೇ ಪ್ರೀತಿ ಕಡಿಮೆ. ಬಾಲ್ಯದಲ್ಲಿ ತಂದೆಯಿಂದ ತಿಂದ ಏಟುಗಳನ್ನು ಮಗ ಮುಂದೆ ಬರೆದುಕೊಂಡಿದ್ದಾನೆ. ವ್ಯಾಪಾರದ ಜಾಣ್ಮೆಯಲ್ಲಿ ತಂದೆಯನ್ನು ಮೀರಿಸಿದ ಬಿ.ಜೆ. ಶಾಲೆಯನ್ನು ಬೆಳೆಸಿದ, ತಂದೆ ಒಕ್ಲಹೋಮಾದಲ್ಲಿ ಮತ್ತೆ ದಿನಸಿ ಅಂಗಡಿ ಇಟ್ಟ, ಅಲ್ಲಿಂದ ಪಶ್ಚಿಮ ತೀರದವರೆಗೆ ಅಲೆದ. 1913ರಲ್ಲಿ ಡೇವನ್‌ಪೋರ್ಟ್‌ಗೆ ಬಂದಾಗ ಶಾಲೆಯ ಮೆರವಣಿಗೆಯಲ್ಲಿ ಮಗನ ಕಾರು ಆತನಿಗೆ ಬಡಿಯಿತೆಂಬ ಆರೋಪ ಎದ್ದಿತಾದರೂ ಸಾಬೀತಾಗಲಿಲ್ಲ. ಆ ವರ್ಷ ಅಕ್ಟೋಬರ್ 20ರಂದು ಲಾಸ್ ಏಂಜಲೀಸ್‌ನಲ್ಲಿ ಆತ ತೀರಿಕೊಂಡ. ಮರಣಕಾರಣವೆಂದು ದಾಖಲಾದದ್ದು ವಿಷಮಶೀತ ಜ್ವರ. ರೋಗಾಣುಗಳ ಪಾತ್ರವನ್ನು ಕಡೆಗಣಿಸಿದವನನ್ನು ರೋಗಾಣುವೇ ಕೊಂಡೊಯ್ದದ್ದು ವಿಧಿಯ ವ್ಯಂಗ್ಯ.

ಮುಂದಿನ ಕಥೆ ಕಾನೂನಿನದು. 1913ರಲ್ಲೇ ಕಾನ್ಸಾಸ್ ಈ ವೃತ್ತಿಗೆ ಪರವಾನಗಿ ನೀಡುವ ಶಾಸನ ಮಾಡಿತು. ಕೊನೆಯದಾಗಿ 1974ರಲ್ಲಿ ಲೂಯಿಸಿಯಾನ ಒಪ್ಪಿತು. ಕೈರೊಪ್ರ್ಯಾಕ್ಟಿಕ್ ವೃತ್ತಿಯನ್ನು ಬಹಿಷ್ಕರಿಸಲು ಸಂಚು ನಡೆಸಿತೆಂದು ಅಮೆರಿಕನ್ ವೈದ್ಯಕೀಯ ಸಂಘದ ವಿರುದ್ಧ 1987ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಬಹಿಷ್ಕಾರ ತಪ್ಪೆಂಬ ತೀರ್ಪು ಅದು, ಪಾಮರ್‌ನ ಸಿದ್ಧಾಂತ ಸರಿಯೆಂಬ ತೀರ್ಪಲ್ಲ. ಈ ವ್ಯತ್ಯಾಸವನ್ನು ಜಾಹೀರಾತುಗಳು ಹೇಳುವುದಿಲ್ಲ.

ಹಾಗಾದರೆ ಸೊಂಟನೋವಿನಿಂದ ಬಳಲುವವರು ಇದನ್ನು ಪ್ರಯತ್ನಿಸಬಹುದೇ? ಸೊಂಟನೋವಿನ ಮಟ್ಟಿಗೆ ಉತ್ತರ ತೀರಾ ನಕಾರಾತ್ಮಕವಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ಔಷಧರಹಿತ ಉಪಾಯಗಳಲ್ಲಿ ಬೆನ್ನುಮೂಳೆಯ ಹಸ್ತಚಿಕಿತ್ಸೆಯನ್ನೂ ಸೇರಿಸಿದೆ. ಲಾಭ ಸಾಧಾರಣ, ವ್ಯಾಯಾಮ ಮೊದಲಾದ ಇತರ ಉಪಚಾರಗಳಿಗೆ ಹೆಚ್ಚುಕಡಿಮೆ ಸಮಾನ. ಕಿವುಡು, ಆಸ್ತಮಾ, ರಕ್ತದೊತ್ತಡ ಗುಣಪಡಿಸುತ್ತೇನೆನ್ನುವವರ ಮಾತಿಗೆ ಅಂಥ ಆಧಾರವಿಲ್ಲ. ಕುತ್ತಿಗೆಯ ವಿಷಯ ಬೇರೆ. ಅದನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಸುವುದಕ್ಕೂ, ಮಿದುಳಿಗೆ ರಕ್ತ ಒಯ್ಯುವ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ತಗಲುವುದಕ್ಕೂ ಸಂಬಂಧ ಕಂಡುಬಂದಿದೆ. ಅಪರೂಪವಾದರೂ ಇದನ್ನು ರೋಗಿಗೆ ಮುಂಚಿತವಾಗಿ ತಿಳಿಸಬೇಕೆಂದು ಅಮೆರಿಕನ್ ಹೃದ್ರೋಗ ಸಂಘ 2014ರಲ್ಲಿ ಸೂಚಿಸಿತು. ನಮ್ಮ ಕ್ಷೌರದಂಗಡಿಗಳಲ್ಲಿ ಬಿಟ್ಟಿಯಾಗಿ ಸಿಗುವ ಕುತ್ತಿಗೆ ಲಟಿಕೆಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಸೊಂಟನೋವಿನೊಂದಿಗೆ ಕಾಲು ಜೋಮು ಹಿಡಿದು ಬಲಗುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಜ್ವರವಿದ್ದರೆ ಅಥವಾ ಮೂಳೆ ಸವೆತದ ಕಾಯಿಲೆಯಿದ್ದರೆ ಯಾರ ಕೈಗೂ ಬೆನ್ನು ಒಪ್ಪಿಸುವ ಮುನ್ನ ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.