ಬರಿಗಾಲಲ್ಲೇ ಬ್ರಿಟಿಷರಿಗೆ ಗೋಡೆಯಾದ ಗೋಷ್ಠ ಪಾಲ್: ಶೀಲ್ಡ್ ಗೆಲ್ಲದಿದ್ದರೂ ಕೋಲ್ಕತ್ತಾ ಜನ ಕೈಬಿಡದ ಆಟಗಾರ

ಗೋಡೆ ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ರಾಹುಲ್ ದ್ರಾವಿಡ್. ಕೋಲ್ಕತ್ತಾದಲ್ಲಿ ಇದೇ ಮಾತೆತ್ತಿದರೆ ಬರುವ ಹೆಸರು ಬೇರೆ. ದ್ರಾವಿಡ್ ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಬಂಗಾಳಿಗಳು ತಮ್ಮ ಫುಟ್ಬಾಲ್ ಆಟಗಾರನೊಬ್ಬನನ್ನು ಚೀನಾದ ಮಹಾಗೋಡೆ ಎಂದು ಕರೆದಿದ್ದರು. ಅವರೇ ಗೋಷ್ಠ ಪಾಲ್. ಮೋಹನ್ ಬಾಗಾನ್ ತಂಡದ ರೈಟ್ ಬ್ಯಾಕ್. ಬೂಟು ಹಾಕಿದ ಬ್ರಿಟಿಷ್ ಸೈನಿಕರ ಎದುರು ಬರಿಗಾಲಲ್ಲಿ ನಿಂತು ಎರಡು ದಶಕ ಆಡಿದವರು.

ಪಾಲ್ ಹುಟ್ಟಿದ್ದು 1896ರ ಆಗಸ್ಟ್ 20ರಂದು, ಪೂರ್ವ ಬಂಗಾಳದ ಫರೀದ್‌ಪುರ ಜಿಲ್ಲೆಯ ಭೋಜೇಶ್ವರದಲ್ಲಿ. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಚಿಕ್ಕಂದಿನಲ್ಲೇ ಕೋಲ್ಕತ್ತಾಗೆ ಬಂದು, ದುರ್ಗಾ ವಿಗ್ರಹ ಮಾಡುವವರ ಕೇರಿ ಎಂದೇ ಹೆಸರಾದ ಕುಮಾರಟುಲಿಯಲ್ಲಿ ಬೆಳೆದರು. ಚೆಂಡು ಕಾಲಿಗೆ ಸಿಕ್ಕಿದ್ದೂ ಅಲ್ಲೇ.

ಅವರಿಗೆ ಇನ್ನೂ 14 ವರ್ಷವಿದ್ದಾಗ ಕೋಲ್ಕತ್ತಾ ಎಂದೂ ಕಾಣದ ಜನಸಾಗರವೊಂದನ್ನು ಕಂಡಿತು. 1911ರ ಜುಲೈ 29. ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರಾಳಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್. ಆಟ ನಡೆದದ್ದು ಯುರೋಪಿಯನ್ನರ ಕ್ಯಾಲ್ಕಟ್ಟಾ ಎಫ್‌ಸಿ ಅಂಗಳದಲ್ಲಿ. ಆದರೆ ಸುತ್ತ ನೆರೆದ 60 ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಬಂಗಾಳಿಗಳು. ಹೊರ ಊರುಗಳಿಂದ ವಿಶೇಷ ರೈಲು ಓಡಿಸಬೇಕಾಯಿತು. ಆಟ ಕಣ್ಣಿಗೆ ಬೀಳದ ಹಿಂದಿನವರಿಗೆ ಗೋಲಿನ ಲೆಕ್ಕ ತಿಳಿಸಲು ಗಾಳಿಪಟ ಹಾರಿಸಿದರು. ಮೊದಲು ಗೋಲು ಬಿಟ್ಟುಕೊಟ್ಟ ಮೋಹನ್ ಬಾಗಾನ್, ಕೊನೆಯ ನಿಮಿಷಗಳಲ್ಲಿ ಶಿವದಾಸ್ ಭಾದುರಿ ಮತ್ತು ಅಭಿಲಾಷ್ ಘೋಷ್ ಹೊಡೆದ ಗೋಲುಗಳಿಂದ 2-1ರಲ್ಲಿ ಗೆದ್ದಿತು. ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ.

ಆ ತಂಡಕ್ಕೆ ಮರುವರ್ಷವೇ ಸೇರಿದ ಹುಡುಗ ಗೋಷ್ಠ ಪಾಲ್. ಮೊದಲ ಪಂದ್ಯ 1913ರಲ್ಲಿ, ಡಾಲ್‌ಹೌಸಿ ತಂಡದ ಎದುರು. ಅಂದರೆ ಒಂದು ಊರಿಗೆ ಊರೇ ಗೆಲುವಿನ ರುಚಿ ನೋಡಿದ ಮೇಲೆ ಅಂಗಳಕ್ಕಿಳಿದವರು ಅವರು. ಪ್ರತಿ ಪಂದ್ಯಕ್ಕೂ ಜನ ಬರುತ್ತಿದ್ದದ್ದು 1911 ಮತ್ತೆ ಆಗಲಿ ಎಂದು. ಇದು ವರವೋ ಶಾಪವೋ ಹೇಳುವುದು ಕಷ್ಟ.

ಅಂಗಳ ನಮ್ಮದು, ಸೀಟಿ ಅವರದು

ತವರಿನ ಪ್ರೇಕ್ಷಕರ ಬಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ಒಮ್ಮೆ ಕೂತವರಿಗೆ ಅದು ಏನೆಂದು ಗೊತ್ತು. ಆದರೆ ಆ ಬಲ ಯಾರ ಮೇಲೆ ಕೆಲಸ ಮಾಡುತ್ತದೆ? ಆಟಗಾರನ ಮೇಲೆ ಮಾತ್ರವಲ್ಲ, ರೆಫ್ರಿಯ ಮೇಲೂ. ಇಂಗ್ಲೆಂಡಿನಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಪಂದ್ಯದ ದೃಶ್ಯಗಳನ್ನು 40 ರೆಫ್ರಿಗಳಿಗೆ ತೋರಿಸಲಾಯಿತು. ಕೆಲವರಿಗೆ ಜನರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಸುಮಾರು 15 ಶೇಕಡಾ ಕಡಿಮೆ ಫೌಲ್ ಕೊಟ್ಟರು. 2020ರಲ್ಲಿ ಕೊರೊನಾದಿಂದ ಯುರೋಪಿನ ಕ್ರೀಡಾಂಗಣಗಳು ಖಾಲಿಯಾದಾಗಲೂ ಇದೇ ಕಂಡಿತು. ತವರು ತಂಡಗಳ ಮೇಲುಗೈ ಕುಗ್ಗಿತು, ಹೊರಗಿನ ತಂಡಗಳಿಗೆ ಸಿಗುತ್ತಿದ್ದ ಹಳದಿ ಕಾರ್ಡ್‌ಗಳೂ ಕಡಿಮೆಯಾದವು.

ಪಾಲ್ ಆಡಿದ ಕೋಲ್ಕತ್ತಾದಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಕೂಗುವ ಜನ ಸ್ಥಳೀಯರು, ಆದರೆ ಆಡಳಿತದಲ್ಲಿ ಮೇಲುಗೈ ಯುರೋಪಿಯನ್ನರದು. ರೆಫ್ರಿಗಳೂ ಬಹುತೇಕ ಅವರ ಪೈಕಿಯೇ. ಲೀಗ್‌ನ ಮೊದಲ ಡಿವಿಷನ್‌ನಲ್ಲಿ ಬಹುಕಾಲ ಎರಡೇ ಭಾರತೀಯ ತಂಡಗಳಿಗೆ ಜಾಗವಿತ್ತು: ಮೋಹನ್ ಬಾಗಾನ್ ಮತ್ತು ಆರ್ಯನ್ಸ್. ಬಂಗಾಳಿ ಜನ ಎಷ್ಟು ಕೂಗಿದರೂ ಆ ಕೂಗು ಸೀಟಿ ಹಿಡಿದವನ ಕಿವಿಗೆ ಅನುಮೋದನೆಯಾಗಿ ಕೇಳಿಸುವ ಪರಿಸ್ಥಿತಿ ಇರಲಿಲ್ಲ. ಪ್ರೇಕ್ಷಕರಿಂದ ಸಿಗುವ ಲಾಭದ ಅರ್ಧ ಭಾಗ ಹೀಗೆ ಮೊದಲೇ ಕೈತಪ್ಪಿ ಹೋಗುತ್ತಿತ್ತು.

ಇನ್ನರ್ಧವನ್ನು ಮಳೆ ಕಸಿಯುತ್ತಿತ್ತು. ಆಗ ಕೋಲ್ಕತ್ತಾ ಲೀಗ್ ನಡೆಯುತ್ತಿದ್ದದ್ದೇ ಮೇ ತಿಂಗಳಿಂದ ಮಳೆಗಾಲದಲ್ಲಿ. ಒಣ ನೆಲದ ಮೇಲೆ ಬರಿಗಾಲಿನ ಆಟಗಾರ ಮಿಂಚು. ಕೆಸರಿನಲ್ಲಿ ಬೂಟಿನವನ ಎದುರು ಜಾರುತ್ತಾನೆ.

ಗೋಡೆಯ ಹಿಂದೆ ಜನ

ಇಂಥ ಕಡೆ ಪಾಲ್ ಹೆಸರು ಬೆಳೆದದ್ದು ಗೋಲು ಹೊಡೆದು ಅಲ್ಲ, ತಡೆದು. ಫುಟ್ಬಾಲ್‌ನಲ್ಲಿ ಬ್ಯಾಕ್ ಆಟಗಾರನನ್ನು ಜನ ಹೊತ್ತು ಮೆರೆಸುವುದು ಅಪರೂಪ. ಆದರೆ ಆಗಿನ ಕೋಲ್ಕತ್ತಾಗೆ ಬೇಕಾಗಿದ್ದದ್ದೇ ಅದು. ಎತ್ತರದ ಗೋರಾ ಸೈನಿಕ ಭುಜ ಕೊಟ್ಟು ನುಗ್ಗುವಾಗ ಹಿಂದೆ ಸರಿಯದ ಒಬ್ಬ ಬಂಗಾಳಿ. ಬಂಗಾಳಿಗಳು ಪುಕ್ಕಲರು, ಮೈಯಲ್ಲಿ ಕಸುವಿಲ್ಲದವರು ಎಂದು ಆಳುವವರು ಹೇಳಿಕೊಂಡು ಬಂದಿದ್ದ ಕಾಲ. ಪಾಲ್ ಚೆಂಡು ಕಿತ್ತುಕೊಂಡ ಪ್ರತಿ ಸಲವೂ ಗ್ಯಾಲರಿಗೆ ಅದು ಉತ್ತರದಂತೆ ಕಾಣುತ್ತಿತ್ತು.

ಗ್ಯಾಲರಿ ಎಂದರೂ ಮರದ ಹಲಗೆಗಳು. ಮೈದಾನ್ ಸೇನೆಯ ಜಾಗವಾದ್ದರಿಂದ ಪಕ್ಕಾ ಕಟ್ಟಡ ಕಟ್ಟುವಂತಿರಲಿಲ್ಲ. ಟಿಕೆಟ್ ಸಿಗದವರು ಫೋರ್ಟ್ ವಿಲಿಯಂ ಕೋಟೆಯ ದಿಬ್ಬದ ಮೇಲೆ, ಮರದ ಕೊಂಬೆಗಳ ಮೇಲೆ. ಮುಂದಿನವರ ತಲೆ ಅಡ್ಡ ಬಂದರೆ ನೋಡಲು ಕನ್ನಡಿ ಸಿಕ್ಕಿಸಿದ ರಟ್ಟಿನ ಪೆರಿಸ್ಕೋಪ್ ಕೂಡ ಮೈದಾನ್‌ನಲ್ಲಿ ಮಾರಾಟವಾಗುತ್ತಿತ್ತು.

1921ರಿಂದ 1926ರವರೆಗೆ ಪಾಲ್ ಮೋಹನ್ ಬಾಗಾನ್ ನಾಯಕ. 1923ರಲ್ಲಿ ತಂಡ ಶೀಲ್ಡ್ ಫೈನಲ್ ತಲುಪಿ ಕ್ಯಾಲ್ಕಟ್ಟಾ ಎಫ್‌ಸಿಗೆ ಸೋತಿತು. ಅದೇ ವರ್ಷ ಬಾಂಬೆಯ ರೋವರ್ಸ್ ಕಪ್ ಫೈನಲ್‌ನಲ್ಲೂ ಡರ್ಹಾಮ್ ಲೈಟ್ ಇನ್‌ಫೆಂಟ್ರಿ ಎದುರು 1-4 ಸೋಲು. 1925ರ ಮೇ 28ರಂದು ನಡೆದ ಲೀಗ್‌ನ ಮೊದಲ ಕೋಲ್ಕತ್ತಾ ಡರ್ಬಿಯಲ್ಲಿ ಈಸ್ಟ್ ಬೆಂಗಾಲ್ 1-0ರಿಂದ ಗೆದ್ದಾಗಲೂ ಸೋತ ತಂಡದ ನಾಯಕ ಪಾಲ್ ಅವರೇ.

ಈ ಡರ್ಬಿಯಲ್ಲೊಂದು ಸ್ವಾರಸ್ಯವಿದೆ. ಈಸ್ಟ್ ಬೆಂಗಾಲ್ ಎಂದರೆ ಪೂರ್ವ ಬಂಗಾಳದಿಂದ ಬಂದವರ, ಅಂದರೆ ಬಾಂಗಾಲರ ತಂಡ. ಮೋಹನ್ ಬಾಗಾನ್ ಪಶ್ಚಿಮ ಬಂಗಾಳದ ಘೋಟಿಗಳದು. ಗೆದ್ದವರು ಯಾರೆನ್ನುವುದರ ಮೇಲೆ ಮೀನು ಮಾರುಕಟ್ಟೆಯಲ್ಲಿ ಇಲಿಶ್‌ಗೋ ಸೀಗಡಿಗೋ ಬೇಡಿಕೆ ಏರುವಷ್ಟು ಜಿದ್ದು. ಪಾಲ್ ಹುಟ್ಟಿನಿಂದ ಅಪ್ಪಟ ಬಾಂಗಾಲ. ಆದರೂ ಘೋಟಿಗಳ ಗ್ಯಾಲರಿ ಅವರನ್ನು ತನ್ನವನೆಂದೇ ಅಪ್ಪಿಕೊಂಡಿತು. ಇಂದಿನ ಅಭಿಮಾನಿಗಳ ಕಟ್ಟರ್ ಗುಂಪುಗಾರಿಕೆ ನೋಡಿದವರಿಗೆ ಇದು ನಂಬಲು ಕಷ್ಟ.

1933ರಲ್ಲಿ ಸಿಲೋನ್ ಪ್ರವಾಸ ಹೋದ ಭಾರತೀಯ ತಂಡವನ್ನು ಮುನ್ನಡೆಸಿದ್ದೂ ಪಾಲ್. ಆ ಹೊತ್ತಿಗೆ ಮೈದಾನ್ ಬದಲಾಗುತ್ತಿತ್ತು. 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕೋಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮುಂದೆ 1938ರವರೆಗೂ ಬಿಟ್ಟುಕೊಡಲಿಲ್ಲ. ಮಳೆ ಬಂದರೆ ಬೂಟು ಹಾಕಿ ಆಡಿದ್ದು, ಬೇರೆ ಊರುಗಳಿಂದ ಆಟಗಾರರನ್ನು ಕರೆತಂದದ್ದು ಅವರ ಗುಟ್ಟು. ಆ ಆಟಗಾರರಲ್ಲಿ ನಮ್ಮ ಬೆಂಗಳೂರಿನ ಹುಡುಗರೂ ಇದ್ದರು. ಮುಂದೆ ಅಹ್ಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರಲ್ಲಿ ಸೇರಿ ಕೋಲ್ಕತ್ತಾದ ಮನೆಮಾತಾದದ್ದು ಅದೇ ದಾರಿಯಲ್ಲಿ.

ಪಾಲ್ ಆಟ ಮುಗಿಸಿದ್ದು 1935ರಲ್ಲಿ. ಆ ವಿದಾಯದ ಕಥೆಯನ್ನು ಬಂಗಾಳದಲ್ಲಿ ಇಂದಿಗೂ ಹೇಳುತ್ತಾರೆ. ಕ್ಯಾಲ್ಕಟ್ಟಾ ಎಫ್‌ಸಿ ಎದುರಿನ ಪಂದ್ಯದಲ್ಲಿ ರೆಫ್ರಿಯ ತೀರ್ಪುಗಳು ಒಂದೇ ಕಡೆ ವಾಲಿದಾಗ ಪಾಲ್ ಮತ್ತು ಸಂಗಡಿಗರು ಆಡುವುದನ್ನು ಬಿಟ್ಟು ಅಂಗಳದಲ್ಲೇ ಮಲಗಿಬಿಟ್ಟರಂತೆ. ಆಮೇಲೆ ಅವರು ಮತ್ತೆ ಆಡಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೋಹನ್ ಬಾಗಾನ್ ಮೊದಲ ಬಾರಿ ಲೀಗ್ ಗೆದ್ದದ್ದು 1939ರಲ್ಲಿ. ಶೀಲ್ಡ್ ಮತ್ತೆ ಸಿಕ್ಕಿದ್ದು 1947ರಲ್ಲಿ. ಪಾಲ್ ಕಾಲದಲ್ಲಿ ಎರಡೂ ಇಲ್ಲ. ಎರಡು ದಶಕ ಜನ ಗಂಟಲು ಹರಿದು ಕೂಗಿದರೂ ದೊಡ್ಡ ಕಪ್ ಬರಲಿಲ್ಲ. ಕಪ್ ಬರಲಿಲ್ಲವೆಂದು ಜನ ಬಿಟ್ಟು ಹೋಗಲೂ ಇಲ್ಲ. ತವರಿನ ಬಲವನ್ನು ಗೆಲುವಿನ ಶೇಕಡಾವಾರಿನಲ್ಲಿ ಅಳೆಯುವವರು ಈ ಲೆಕ್ಕವನ್ನು ಎಲ್ಲಿಡುತ್ತಾರೋ ಗೊತ್ತಿಲ್ಲ.

1962ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಕೊಟ್ಟಿತು. ಆ ಗೌರವ ಪಡೆದ ಮೊದಲ ಫುಟ್ಬಾಲ್ ಆಟಗಾರ ಅವರು.

ಅಭಿಮಾನದ ಇನ್ನೊಂದು ಮುಖವನ್ನೂ ನೋಡುವಷ್ಟು ಕಾಲ ಅವರು ಬದುಕಿದ್ದರು. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5-0ರಿಂದ ಮೋಹನ್ ಬಾಗಾನ್ ತಂಡವನ್ನು ಬಗ್ಗುಬಡಿಯಿತು. ಸೋಲು ತಾಳಲಾರದೆ ಯುವ ಅಭಿಮಾನಿಯೊಬ್ಬ ಜೀವ ಕಳೆದುಕೊಂಡ. ಪಾಲ್ ತೀರಿಕೊಂಡದ್ದು ಅದಾಗಿ ಆರು ತಿಂಗಳಿಗೆ, 1976ರ ಏಪ್ರಿಲ್ 8ರಂದು. ನಾಲ್ಕು ವರ್ಷದ ಬಳಿಕ, 1980ರ ಆಗಸ್ಟ್ 16ರಂದು, ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಗಲಭೆಯಾಗಿ ನೂಕುನುಗ್ಗಲಿನಲ್ಲಿ 16 ಜನ ಸತ್ತರು.

1984ರಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣ ತೆರೆಯಿತು, ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು. ಅದೇ ವರ್ಷ ಈಡನ್ ಗಾರ್ಡನ್ಸ್ ಎದುರು ಪಾಲ್ ಪ್ರತಿಮೆ ನಿಂತಿತು. 1998ರಲ್ಲಿ ಅಂಚೆ ಚೀಟಿಯೂ ಬಂತು. ಪಕ್ಕದ ರಸ್ತೆಗೆ ಗೋಷ್ಠ ಪಾಲ್ ಸರಣಿ ಎಂದೇ ಹೆಸರು. ಮೋಹನ್ ಬಾಗಾನ್ ಅಂಗಳ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.