ಸುರಪುರದ ಟೇಲರ್ ಸಾಹೇಬರು

ಈ ಸಲ ಗೋಡೆ ಪತ್ರಿಕೆಗೆ ಒಬ್ಬ ಮಹಾಪುರುಷರ ಜೀವನ ಬರೀಬೇಕು ಅಂತ ಸರ್ ಹೇಳಿದ್ರು. ಗಾಂಧೀಜಿ, ಬಸವಣ್ಣನವರ ಬಗ್ಗೆ ಬೇರೆಯವರು ಬರೆದಾರ. ನಾನು ಬರೆಯುವವರು ಮಹಾಪುರುಷರೋ ಅಲ್ಲವೋ ನನಗೆ ಗೊತ್ತಿಲ್ಲ, ಓದಿದ ಮೇಲೆ ನೀವೇ ಹೇಳಿರಿ.

ನಮ್ಮ ಜೇವರ್ಗಿಯಿಂದ ಶಹಾಪುರ ದಾಟಿ ಹೋದರೆ ಸುರಪುರ ಬರ್ತದ. ಮೊದಲು ಅದು ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ಯಾದಗಿರಿ ಜಿಲ್ಲೆ. ಅಲ್ಲಿ ನಮ್ಮ ಸೋದರಮಾವನ ಮನೆ ಅದ. ದಸರಾ ರಜೆಯಲ್ಲಿ ಹೋದಾಗ ಮಾವ ಗುಡ್ಡದ ಮೇಲಿನ ಒಂದು ದೊಡ್ಡ ಬಂಗಲೆ ತೋರಿಸಿದರು. ಅದರ ಹೆಸರು ಟೇಲರ್ ಮಂಜಿಲ್. ಇಂಗ್ಲಿಷರವನ ಹೆಸರು ನಮ್ಮ ಕಡೆ ಯಾಕೆ ಉಳೀತು ಅಂತ ಕೇಳಿದೆ. ಆಗ ಮಾವ ಈ ಕತೆ ಶುರು ಮಾಡಿದರು, ಉಳಿದದ್ದು ನಮ್ಮ ಸರ್ ಹೇಳಿದರು.

ಫಿಲಿಪ್ ಮೆಡೋಸ್ ಟೇಲರ್ ಅವರು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಊರಿನಲ್ಲಿ ಜನಿಸಿದರು. 1824ರಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದರು. ಆಗ ಅವರಿಗೆ ಹದಿನೈದು ವರ್ಷ, ಅಂದರೆ ನನಗಿಂತ ಎರಡೇ ವರ್ಷ ದೊಡ್ಡವರು! ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಲು ಬಂದಿದ್ದರು, ಆದರೆ ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಹಿಂಗಾಗಿ ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು. ನಮ್ಮ ದೇಶದ ಭಾಷೆಗಳನ್ನು ಕಲಿತರು. ಠಗ್ಗರ ಮೇಲೆ ಅವರು ಬರೆದ ಕಾದಂಬರಿ 1839ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು, ಅದರಿಂದ ದೊಡ್ಡ ಹೆಸರು ಬಂತು.

ಈಗ ಸುರಪುರದ ವಿಷಯ. ಅಲ್ಲಿ ಬೇಡ ನಾಯಕರ ಸಂಸ್ಥಾನವಿತ್ತು. ಅರಸ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ದಾಯಾದಿಗಳು ಒಂದು ಕಡೆ. ಮೇಲಾಗಿ ನಿಜಾಮರಿಗೆ ಕೊಡಬೇಕಾದ ಸಾಲ ಬೆಟ್ಟದಷ್ಟು. ಆಗ ಇಂಗ್ಲಿಷರು ಟೇಲರ್ ಅವರನ್ನು ಸಂಸ್ಥಾನ ನೋಡಿಕೊಳ್ಳಲು ಕಳಿಸಿದರು. 1853ರವರೆಗೆ ಅವರು ಅಲ್ಲೇ ಇದ್ದರು. ಹೊಲಗಳ ಅಳತೆ ಮಾಡಿಸಿದರು, ಕಂದಾಯ ಸರಿ ಮಾಡಿದರು, ರಸ್ತೆ ಹಾಕಿಸಿದರು, ಬೋನಾಳ ಕೆರೆಯ ಕೆಲಸ ಮಾಡಿಸಿದರು. ಆ ಕೆರೆ ಈಗ ಪಕ್ಷಿಧಾಮ ಆಗ್ಯಾದ. ನಾವು ಹೋದ ದಿನ ಕಟ್ಟೆ ಮೇಲೆ ನಿಂತು ಎಣಿಸಿದೆವು, ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.

ನಮ್ಮ ಜೇವರ್ಗಿಗೂ ಅವರು ಬಂದಿದ್ದರು ಅಂದರೆ ನೀವು ನಂಬ್ತೀರೋ ಇಲ್ಲೋ! ಕಲ್ಲು ಗುಂಡುಗಳನ್ನು ದುಂಡಗೆ ಇಟ್ಟ ಹಳೇ ಕಾಲದ ಗೋರಿಗಳನ್ನು ಇಲ್ಲಿ ಅಗೆಸಿ ನೋಡಿದರು. ಒಳಗೆ ಎಲುಬು, ಮಣ್ಣಿನ ಗಡಿಗೆ ಸಿಕ್ಕವು. ಯಾವುದು ಎಷ್ಟು ಆಳದಲ್ಲಿತ್ತು ಎಂದು ಚಿತ್ರ ಬರೆದಿಟ್ಟರು.

ಬಾಲರಾಜ ವೆಂಕಟಪ್ಪ ನಾಯಕ ಟೇಲರ್ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ಅವನು ದೊಡ್ಡವನಾದ ಮೇಲೆ ಟೇಲರ್ ರಾಜ್ಯವನ್ನು ಅವನ ಕೈಗೆ ಒಪ್ಪಿಸಿ ನಳದುರ್ಗಕ್ಕೆ ಹೋದರು. ನಳದುರ್ಗ ಅಂದರೆ ಆಳಂದದ ಆಚೆ, ಮಹಾರಾಷ್ಟ್ರದ ಗಡಿ ದಾಟಿದರೆ ಬರ್ತದ. ಅಲ್ಲಿಂದ ಮುಂದೆ ಬೇರಾರಿಗೆ ಹೋದರು. ಮೆಡೋಸ್ ಅನ್ನೋದು ಜನರ ಬಾಯಲ್ಲಿ ಮಹಾದೇವ ಆಗಿ, ಅವರಿಗೆ ಮಹಾದೇವ ಬಾಬಾ ಅಂತ ಹೆಸರು ಬಿದ್ದಿತ್ತಂತೆ.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದದ್ದು ಪಾಠದಲ್ಲಿ ಓದೀವಿ. ಮರುವರ್ಷ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರೂ ಇಂಗ್ಲಿಷರ ಮೇಲೆ ಯುದ್ಧಕ್ಕೆ ನಿಂತರು. ಇಂಗ್ಲಿಷರ ಒಬ್ಬ ಕ್ಯಾಪ್ಟನ್ ಸತ್ತ. ಆದರೆ ನಾಲ್ಕೂ ಕಡೆಯಿಂದ ದಂಡು ಬರುತ್ತಿತ್ತು, ಸುರಪುರ ಸೋತಿತು. ರಾಜ ರಾತ್ರೋರಾತ್ರಿ ಹೈದರಾಬಾದಿಗೆ ಹೋದರು, ಅಲ್ಲಿ ಸಿಕ್ಕಿಬಿದ್ದರು.

ಇಲ್ಲಿ ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಟೇಲರ್ ಸೆರೆಮನೆಗೆ ಹೋಗಿ ರಾಜನನ್ನು ಕಂಡರು. ದಂಗೆ ಮಾಡಲು ಹೇಳಿದವರು ಯಾರು, ಹೆಸರು ಹೇಳು ಎಂದು ಕೇಳಿದರು. ರಾಜ ಹೇಳಲಿಲ್ಲ. ಅಪ್ಪ ಎಂದು ಕರೆದವರು ಕೇಳಿದರೂ ಹೇಳಲಿಲ್ಲ! ಇದನ್ನು ಟೇಲರ್ ಅವರೇ ಬರೆದಿಟ್ಟಾರ, ಮುಚ್ಚಿಡಲಿಲ್ಲ. ರಾಜನಿಗೆ ಮೊದಲು ಮರಣದಂಡನೆ ಆಯಿತು, ಆಮೇಲೆ ಅದನ್ನು ಇಳಿಸಿ ಕೊನೆಗೆ ನಾಲ್ಕು ವರ್ಷ ಸೆರೆ ಎಂದು ಮಾಡಿದರು. ಸೆರೆಗೆ ಒಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡು ತಗಲಿ ರಾಜ ತೀರಿಕೊಂಡರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷವೂ ಸರಿಯಾಗಿ ತುಂಬಿತ್ತೋ ಇಲ್ಲವೋ.

ಸೋತ ಸುರಪುರವನ್ನು ನೋಡಿಕೊಳ್ಳಲು ಇಂಗ್ಲಿಷ್ ಸರಕಾರ ಯಾರನ್ನು ಕಳಿಸಿತು ಗೊತ್ತೇನು? ಮತ್ತೆ ಟೇಲರ್ ಅವರನ್ನೇ. ಮೊದಲು ಬಂದಾಗ ಹುಡುಗ ರಾಜನ ಪರವಾಗಿ ಬಂದಿದ್ದರು, ಈಗ ಗೆದ್ದವರ ಅಧಿಕಾರಿಯಾಗಿ ಬಂದರು. ತಾವೇ ಹಾಕಿಸಿದ ರಸ್ತೆ, ತಾವೇ ಅಳೆಸಿದ ಹೊಲ. ಅಪ್ಪಾ ಅನ್ನುವ ಹುಡುಗ ಮಾತ್ರ ಇಲ್ಲ. ಜನರಿಗೆ ಅವರ ಗುರುತಿತ್ತು, ಅದಕ್ಕೇ ಸರಕಾರ ಅವರನ್ನು ಆರಿಸಿರಬೇಕು ಅಂತ ನನಗನಿಸ್ತದ. ಮತ್ತೆ ಕಂದಾಯ, ನ್ಯಾಯದ ಕೆಲಸ ಶುರು ಮಾಡಿಸಿದರು.

ಇದನ್ನು ಬರೆಯುವಾಗ ನನಗೂ ಅಫಜಲಪುರದ ಕಡೆಯಿಂದ ಬಂದು ನಮ್ಮ ಶಾಲೆಯಲ್ಲಿ ಓದುವ ಗೆಳೆಯನಿಗೂ ಜಗಳ ಆಯ್ತು. ಅವನು, ಊರು ಗೆದ್ದುಕೊಂಡವರು ಕೆರೆ ಕಟ್ಟಿದರೇನು ಬಿಟ್ಟರೇನು, ಕಂದಾಯ ಅವರಿಗೇ ಹೋಗ್ತದ ಅಂದ. ನಾನು, ಕೆರೆ ನೀರು ಕುಡಿದವರು ನಮ್ಮ ಜನ ಅಲ್ಲೇನು ಅಂದೆ. ಸರ್ ಹತ್ತಿರ ಹೋದೆವು. ಸರ್ ಜಪಾನ್ ದೇಶದ ಕತೆ ಹೇಳಿದರು. 1945ರಲ್ಲಿ ಜಪಾನ್ ಸೋತಾಗ ಅಮೇರಿಕದ ಸೈನ್ಯ ಅಲ್ಲಿ ಕೂತಿತು. ಅದರ ಸೇನಾಪತಿ ಮೆಕಾರ್ಥರ್ ಅವರ ಕಾಲದಲ್ಲಿ ಜಮೀನ್ದಾರರ ಭೂಮಿ ಉಳುವ ರೈತರಿಗೆ ಸಿಕ್ಕಿತು, ಹೆಣ್ಣುಮಕ್ಕಳಿಗೆ ಮತ ಹಾಕುವ ಹಕ್ಕು ಬಂತು. 1952ರಲ್ಲಿ ರಾಜ್ಯಭಾರವನ್ನು ಜಪಾನಿನವರ ಕೈಗೇ ಬಿಟ್ಟರು. ಸುರಪುರಕ್ಕೆ ಹಂಗ ಆಗಲಿಲ್ಲ. 1857ರಲ್ಲಿ ಸಹಾಯ ಮಾಡಿದ್ದಕ್ಕೆ ಇನಾಮು ಅಂತ 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು. ಅಲ್ಲಿಯ ಜನರನ್ನು ಯಾರು ಕೇಳಿದರು? ಈ ಮಾತಿನಲ್ಲಿ ಗೆಳೆಯನೇ ಗೆದ್ದ ಅಂತ ನಾನು ಒಪ್ಪಿದೆ. ಆದರೂ ಟೇಲರ್ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕೋ ಗೊತ್ತಿಲ್ಲ.

ಅದೇ 1860ರಲ್ಲಿ ಟೇಲರ್ ಅವರು ಆರೋಗ್ಯ ಕೆಟ್ಟು ತಮ್ಮ ದೇಶಕ್ಕೆ ಮರಳಿದರು. ಅಲ್ಲಿ ಕೂತು ನಮ್ಮ ನಾಡಿನ ಬಗ್ಗೆಯೇ ಕಾದಂಬರಿ ಬರೆದರು. ಚಾಂದಬೀಬಿ ಮೇಲೂ ಒಂದು ಬರೆದಾರ. ಮುಪ್ಪಿನಲ್ಲಿ ಕಣ್ಣು ಹೋದವು. ಆದರೂ 1875ರಲ್ಲಿ ಇನ್ನೊಮ್ಮೆ ಹೈದರಾಬಾದಿಗೆ ಬಂದರು. ವಾಪಸು ಹೋಗುವಾಗ 1876ರ ಮೇ 13ರಂದು ಫ್ರಾನ್ಸ್ ದೇಶದ ಮೆಂಟನ್ ಎಂಬಲ್ಲಿ ತೀರಿಕೊಂಡರು. ಅವರ ಆತ್ಮಕಥೆ ಮರುವರ್ಷ ಅಚ್ಚಾಯಿತು. ಸುರಪುರದ ಹುಡುಗ ರಾಜನ ಕತೆ ಅದರಲ್ಲೇ ಅದ. ಮಾವ ಆ ಪುಸ್ತಕ ಓದಿಲ್ಲ, ಆದರೆ ಅಪ್ಪಾ ಎಂದು ಕರೆದ ಮಾತು ಅವರಿಗೆ ಅವರ ಅಜ್ಜ ಹೇಳಿದ್ದರಂತೆ.